ದೊಡ್ಡಮ್ಮನ ಬಾಲೆ

ಬಿ.ಸಿ.ರೋಡ್, ಬಂಟ್ವಾಳ
20 ನವೆಂಬರ್ 2024

ಪ್ರೀತಿಯ ಕಾಂತಿ ಅಕ್ಕನಿಗೆ,

ನಿನ್ನ ತಂಗಿ ನವ್ಯಾಳ ನಮಸ್ಕಾರ. ಇಲ್ಲಿ ನಾನು, ಲತೇಶ್, ಮಗಳು ಪ್ರಾಪ್ತಿ ಮೂವರೂ ಸೌಖ್ಯ. ನೀನೂ ರೋಹಿತ್ ಭಾವನೂ ಸೌಖ್ಯವಾಗಿದ್ದೀರಿ ಅಂತ ಅಮ್ಮನಿಂದ ಗೊತ್ತಾಯಿತು.

ಕಾಗದ ನೋಡಿ ನಿನಗೆ ನಗು ಬರಬಹುದು. ಬಂಟ್ವಾಳಕ್ಕೂ ಮೂಡಬಿದ್ರೆಗೂ ನಡುವೆ ಇರುವುದು ಸಿದ್ಧಕಟ್ಟೆ ಒಂದೇ. ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಇಳಿಯಬಹುದು. ಕೈಯಲ್ಲಿ ಫೋನು ಬೇರೆ ಉಂಟು. ಆದರೆ ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ ಅಕ್ಕ. ನೀನು "ಹೇಗಿದ್ದಿ?" ಎನ್ನುತ್ತಿ, ನಾನು "ಒಳ್ಳೆದುಂಟು" ಎನ್ನುತ್ತೇನೆ, ಅಷ್ಟರಲ್ಲಿ ಪ್ರಾಪ್ತಿ ಫೋನು ಕಿತ್ತುಕೊಂಡು ಕೆಂಪು ಗುಂಡಿ ಒತ್ತುತ್ತಾಳೆ. ಬರೆಯುವುದೂ ಸುಲಭವಲ್ಲ. ಮಾತಾಡುವುದೆಲ್ಲ ತುಳು, ಕನ್ನಡದಲ್ಲಿ ಹಾಕಿದ ಕೂಡಲೇ ಎಲ್ಲವೂ ಶಾಲೆಯ ಪ್ರಬಂಧದ ಹಾಗೆ ಕಾಣುತ್ತದೆ. ನೀನು ಟೀಚರು. ತಪ್ಪು ಕಂಡರೆ ದಯವಿಟ್ಟು ಕೆಂಪು ಪೆನ್ನು ಹಿಡಿಯಬೇಡ.

ತಡವಾದದ್ದಕ್ಕೆ ಕ್ಷಮಿಸು. ನೀನು ಕೊನೆಯ ಸಲ ಇಲ್ಲಿಗೆ ಬಂದು ಹೋದ ಮೇಲೆ ನೀನೂ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಪ್ರಾಪ್ತಿ ನಿನ್ನ ಕೈ ಕಚ್ಚಿದ್ದು ಚಿಕ್ಕ ಸಂಗತಿಯಲ್ಲ ಅಂತ ನನಗೆ ಗೊತ್ತು. ಎರಡೂವರೆ ವರ್ಷದ ಮಗು, ನಿನ್ನನ್ನು ಕಂಡರೆ ಮೆಟ್ಟಿಲ ಮೇಲಿಂದಲೇ "ದೊಡ್ಡಮ್ಮಾ" ಅಂತ ಕೂಗುತ್ತಿದ್ದವಳು, ಆ ದಿನ ಮಂಚದ ಅಡಿಗೆ ಹೋಗಿ ಕೂತಳು. ನೀನು ಎಳೆದು ಎತ್ತಿಕೊಂಡಿ, ಅವಳು ಹಲ್ಲು ಊರಿದಳು. "ಎಂತ ಕಲಿಸಿದ್ದಿ ನವ್ಯಾ ಇವಳಿಗೆ?" ಅಂದಿ ನೀನು. ಚಹಾಕ್ಕೆ ಇಟ್ಟ ನೀರು ಕುದಿಯುತ್ತಾ ಇತ್ತು, ನೀನು ಚಪ್ಪಲಿ ಹಾಕಿ ಆಗಿತ್ತು.

ನಾನು ಏನೂ ಕಲಿಸಲಿಲ್ಲ ಅಕ್ಕ. ಕಲಿಸಿದ್ದು ನಮ್ಮ ಅಮ್ಮ, ಅದೂ ತಮಾಷೆಗೆ. ಲಾಯಿಲದ ತವರಿಗೆ ಹೋದಾಗ ಪ್ರಾಪ್ತಿ ಗಂಜಿ ಉಣ್ಣದೆ ಹಟ ಮಾಡಿದಳು. ಅಮ್ಮ ಚಮಚ ಹಿಡಿದುಕೊಂಡು, "ಉಣ್ಣದಿದ್ರೆ ನಿನ್ನನ್ನೂ ದೊಡ್ಡಮ್ಮನಿಗೆ ಕೊಟ್ಟುಬಿಡ್ತೇವೆ ನೋಡು" ಅಂದಳು. ಆ 'ನಿನ್ನನ್ನೂ' ಮಗುವಿಗೆ ಅರ್ಥವಾಗಿದೆ. ಅಂದಿನಿಂದ ಯಾರ ಕೈಯಲ್ಲಿ ಚೀಲ ಕಂಡರೂ ಅಡಗುತ್ತಾಳೆ. ಲತೇಶ್ ಹೋಟೆಲಿನ ಕೆಲಸಕ್ಕೆ ಹೊರಡುವಾಗ ಬಟ್ಟೆಯ ಚೀಲ ಹಿಡಿದರೂ ನನ್ನ ನೈಟಿಯೊಳಗೆ ನುಗ್ಗುತ್ತಾಳೆ. ನಿನ್ನ ಮೇಲೆ ಅವಳಿಗೆ ಕೋಪವಿಲ್ಲ, ಹೆದರಿಕೆ ಅಷ್ಟೆ. ಇದನ್ನು ಹೇಳಲೆಂದೇ ಕಾಗದ ಶುರು ಮಾಡಿದೆ.

ಉಳಿದಂತೆ ಅವಳ ಸುದ್ದಿ ಕೇಳಿದರೆ ನಗುತ್ತಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಈ ಹೆಗ್ಗಣ ಮೊನ್ನೆ ಮೂಗಿನೊಳಗೆ ಕಡಲೆ ಹಾಕಿಕೊಂಡಿತು. ಪಕ್ಕದ ಮನೆಯ ರಾಫಿಯಾ ಓಡಿ ಬಂದು ಮೂಗಿನ ಒಂದು ಹೊಳ್ಳೆ ಒತ್ತಿ, "ಊದು ಮೋಳೇ, ಊದು" ಅಂತ ಸ್ವಂತ ಮಗಳಿಗೆ ಹೇಳುವ ಹಾಗೆ ಹೇಳಿ ಊದಿಸಿದಳು. ಕಡಲೆ ಹಾರಿ ಹೋಗಿ ದೇವರ ಫೋಟೋಕ್ಕೆ ತಾಗಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಎಷ್ಟೋ ಹೊತ್ತಿಗೆ, ಅಯ್ಯೋ, ಕಡಲೆ ಉಸಿರಿನ ಜೊತೆ ಒಳಗೆ ಹೋಗಿದ್ದರೆ, ಅಂತ ಹೊಳೆಯಿತು. ಹೊಳೆದಾಗಲೂ ಎದೆ ಝಲ್ಲೆನ್ನಲಿಲ್ಲ. ಈಗೀಗ ನನಗೆ ಎಲ್ಲ ತಡವಾಗಿ ಬರುತ್ತದೆ, ಕೆಲವು ಬರುವುದೇ ಇಲ್ಲ.

ನನ್ನ ಹೊಟ್ಟೆಯ ಹತ್ತಿರ ಬಾಯಿಟ್ಟು ಒಳಗಿನ ಮಗುವನ್ನು "ಬಾಲೇ, ಅವಲಕ್ಕಿ ಬೇಕಾ?" ಅಂತ ಕೇಳುತ್ತಾಳೆ. ಹೊಕ್ಕುಳ ಮೇಲೆ ನಾಲ್ಕು ಕಾಳು ಇಟ್ಟು ತಿನ್ನಲಿ ಅಂತ ಕಾಯುತ್ತಾಳೆ. ಲತೇಶ್ ಅವಳಿಗೆ ಹೇಳಿಕೊಟ್ಟಿದ್ದಾರೆ, ಇದು ದೊಡ್ಡಮ್ಮನ ಬಾಲೆ ಅಂತ. ಮೊದಲೇ ಗೊತ್ತಿದ್ದರೆ ಆಮೇಲೆ ರಗಳೆ ಇಲ್ಲವಂತೆ. ಈಗ ಮೆಟ್ಟಿಲಲ್ಲಿ ಸಿಕ್ಕಿದವರಿಗೆಲ್ಲ ಅವಳೇ ಹೇಳುತ್ತಾಳೆ, "ಅಮ್ಮನ ಹೊಟ್ಟೆ, ದೊಡ್ಡಮ್ಮನ ಬಾಲೆ." ಕೆಳಗಿನ ಮನೆಯ ಕಾವೇರಮ್ಮ "ಹೌದಾ ಮಾರಾಯ್ತಿ?" ಅಂತ ನನ್ನ ಮುಖ ನೋಡಿದರು. ಹೌದು ಎಂದೆ. ಮತ್ತೆ ಏನು ಹೇಳುವುದು?

ಚೌತಿ ಕಳೆದ ಭಾನುವಾರ ಲಾಯಿಲದಲ್ಲಿ ಆದದ್ದು ನಿನಗೆ ಗೊತ್ತಿಲ್ಲದ್ದಲ್ಲ. ಆದರೆ ನೀನು ಚಾವಡಿಯಲ್ಲಿದ್ದಿ, ನಾನು ಬಚ್ಚಲಿನಲ್ಲಿದ್ದೆ. ನನಗೆ ಅದು ಹೇಗೆ ಕಂಡಿತು ಅಂತ ನಿನಗೆ ಯಾರು ಹೇಳಬೇಕು? ಪ್ರಾಪ್ತಿ ಕೋಳಿ ಸಾರನ್ನು ತಲೆಯವರೆಗೆ ಮೆತ್ತಿಕೊಂಡಿದ್ದಳು. ಅವಳನ್ನು ತೊಳೆದು, ಟವೆಲಿನಲ್ಲಿ ಸುತ್ತಿ, ಐದು ತಿಂಗಳ ಹೊಟ್ಟೆಯ ಮೇಲೆ ಕೂರಿಸಿಕೊಂಡು ಹೊರಗೆ ಬಂದರೆ ಎದುರಿಗೆ ಹರಿವಾಣ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಒಂದು ಬದಿಯಲ್ಲಿ ರೋಹಿತ್ ಭಾವ, ಇನ್ನೊಂದು ಬದಿಯಲ್ಲಿ ಲತೇಶ್, ನಡುವೆ ಸೋದರಮಾವನ ಗತ್ತಿನಲ್ಲಿ ಮುಂಡಪ್ಪ ಮಾವ. ನಮ್ಮಲ್ಲಿ ಹರಿವಾಣ ಇಟ್ಟು ವೀಳ್ಯ ಬದಲಿಸಿದರೆ ಆ ಮಾತು ಹಿಂದೆ ಹೋಗುವುದಿಲ್ಲವಲ್ಲ. ಯಾರದೋ ಮದುವೆ ನಿಶ್ಚಯವಾಗಿದೆ ಅಂತಲೇ ತಿಳಿದೆ. ಖುಷಿಯೇ ಆಯಿತು.

"ಯಾರದ್ದು ಮಾವ? ನನಗೆ ಹೇಳ್ಲೇ ಇಲ್ಲ!" ಎಂದೆ.

ಎಲ್ಲರೂ ನಕ್ಕಿರಿ. ಮಾವ ಹೇಳಿದರು, "ಮದುವೆ ಅಲ್ಲ ಮಗಾ, ಅದಕ್ಕಿಂತ ದೊಡ್ಡದು. ನಿನ್ನ ಹೊಟ್ಟೆಯಲ್ಲಿ ಇರುವುದು ಕಾಂತಿಗೆ ಅಂತ ಮಾತಾಯ್ತು. ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ. ನೀವಿಬ್ಬರೂ ಒಂದೇ ಹೊಟ್ಟೆಯವರು. ನಿನ್ನ ಹತ್ರ ಇದ್ರೆ ಎಂತ, ಅವಳ ಹತ್ರ ಇದ್ರೆ ಎಂತ? ಹೊರಗೆ ಹೋಗುವುದು ಎಂತ ಉಂಟು?"

ನೀನು ಎದ್ದು ಬಂದು ನನ್ನನ್ನೂ ಒದ್ದೆ ಮಗುವನ್ನೂ ಒಟ್ಟಿಗೆ ತಬ್ಬಿಕೊಂಡು ಅತ್ತಿ. ಅಮ್ಮ ಅತ್ತಳು. ರೋಹಿತ್ ಭಾವ ನನ್ನ ಬಾಯಿಗೆ ಲಾಡು ಹಾಕಿದರು. ಲಾಡು ದೊಡ್ಡದಿತ್ತು. ಅದನ್ನು ನುಂಗಿ ಮುಗಿಸುವಷ್ಟರಲ್ಲಿ ಎಲ್ಲರೂ ಕಾಪಿಗೆ ಎದ್ದು ಹೋಗಿದ್ದಿರಿ.

ಬಸ್ಸಿನಲ್ಲಿ ಬರುವಾಗ ಲತೇಶ್ ಹೇಳಿದರು, "ನಿನ್ನ ಅಕ್ಕನಿಗಲ್ವಾ, ಹೊರಗಿನವರಿಗಾ? ಮಾವನ ಎದುರು ಇಲ್ಲ ಅನ್ಲಿಕ್ಕೆ ಆಗ್ತದಾ? ನಮಗೆ ಇನ್ನೊಂದು ಬೇಕಿದ್ರೆ ಮತ್ತೆ ನೋಡುವ." ಮಡಂತ್ಯಾರು ದಾಟುವವರೆಗೆ ಅವರ ಕೈ ನನ್ನ ಕೈಯ ಮೇಲೆ ಇತ್ತು. ಅವರು ಕೆಟ್ಟವರಲ್ಲ ಅಕ್ಕ, ನಿನಗೇ ಗೊತ್ತು. ಮೊದಲು ಹೋಟೆಲಿನಿಂದ ಬಂದವರು ಕೈಕಾಲು ತೊಳೆದು ಹೊಟ್ಟೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂರುತ್ತಿದ್ದರು. ಈಗ ಕೂರುವುದಿಲ್ಲ. ನಾನೂ ಕೇಳುವುದಿಲ್ಲ.

ಡಾಕ್ಟರರ ಹತ್ತಿರ ಹೋಗಿ ಬಂದೆ. ಎಲ್ಲ ಸರಿ ಉಂಟಂತೆ, ನೀನು ಚಿಂತೆ ಮಾಡಬೇಡ. "ಮಗು ಚೆನ್ನಾಗಿ ಹಂದಾಡ್ತದಾ?" ಅಂತ ಕೇಳಿದರು. "ನೋಡ್ಲಿಲ್ಲ ಡಾಕ್ಟ್ರೇ" ಎಂದೆ. ಬಾಯಿಂದ ಹಾಗೇ ಬಂತು. "ನೋಡ್ಲಿಲ್ಲ ಅಂದ್ರೆ? ಅದೇನು ಟೀವಿಯಾ ಬೇಕಾದಾಗ ನೋಡ್ಲಿಕ್ಕೆ?" ಅಂತ ಚೆನ್ನಾಗಿ ಬೈದರು. ಮಲಗಿಸಿ ಹೃದಯದ ಬಡಿತ ಕೇಳಿಸಿದರು. ಪ್ರಾಪ್ತಿಯ ಸಲ ಆ ಶಬ್ದ ಕೇಳಿ ಅತ್ತಿದ್ದೆ, ನೀನೇ ಸೆರಗಿನಲ್ಲಿ ನನ್ನ ಕಣ್ಣು ಒರೆಸಿದ್ದಿ. ಈ ಸಲ, ಅಕ್ಕಿ ನೆನೆಹಾಕಿ ಬಂದೆನಾ ಇಲ್ಲವಾ ಅಂತ ಯೋಚಿಸುತ್ತಿದ್ದೆ. ಡಾಕ್ಟರು ಕೈ ತೆಗೆದಾಗ, ಆಯ್ತಾ, ಹೋಗಬಹುದಾ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ಅಮ್ಮ ಬಾಣಂತನಕ್ಕೆ ಎಲ್ಲ ತಯಾರಿ ಮಾಡಿಕೊಂಡಿದ್ದಾಳೆ. ಹುಟ್ಟಿದ ಮೊದಲ ಹೊತ್ತಿನಿಂದಲೇ ಬಾಟ್ಲಿ ಹಾಲಂತೆ, ಎದೆಗೆ ಹಾಕಲೇಬಾರದಂತೆ. "ಒಂದು ಸಲ ಬಾಯಿ ತಾಗಿದ್ರೆ ನಿನಗೆ ಬಿಡ್ಲಿಕ್ಕೆ ಆಗ್ಲಿಕ್ಕಿಲ್ಲ ಮಗಾ" ಅಂತ ನನ್ನ ಒಳ್ಳೆಯದಕ್ಕೇ ಹೇಳಿದಳು. ಹಾಲು ಬಂದರೆ ಎದೆಗೆ ಮಲ್ಲಿಗೆ ಹೂ ಕಟ್ಟಿದರೆ ಆಯಿತು, ತಾನಾಗಿ ಬತ್ತುತ್ತದೆ ಅಂದಳು. ಆಗ ಮಲ್ಲಿಗೆಗೆ ರೇಟು ಹೇಗಿರುತ್ತದೋ ಎಂದೆ. ತಮಾಷೆ ಸಾಕು ಅಂತ ಅಮ್ಮ ಎದ್ದು ಹೋದಳು. ನಾನು ತಮಾಷೆಗೆ ಹೇಳಿದ್ದಲ್ಲ, ನಿಜವಾಗಿ ಅದೇ ಯೋಚನೆ ಬಂದದ್ದು.

ನೀನು ತಂದಿಟ್ಟು ಹೋದ ಖರ್ಜೂರ, ಬಾದಾಮಿ, ತುಪ್ಪದ ಲೇಹ್ಯ ಎಲ್ಲ ತಿನ್ನುತ್ತಿದ್ದೇನೆ. ರುಚಿ ಕೇಳಬೇಡ. ಔಷಧಿಯ ಹಾಗೆ ನುಂಗುತ್ತೇನೆ. ಪ್ರಾಪ್ತಿಯನ್ನು ಹೊತ್ತಾಗ ನಿನ್ನ ಕೈಯ ಪತ್ರೊಡೆಗಾಗಿ ಹಟ ಹಿಡಿದು ನಿನ್ನನ್ನು ಮಳೆಯಲ್ಲಿ ಕೆಸುವಿನೆಲೆ ಹುಡುಕಲು ಕಳಿಸಿದ್ದೆನಲ್ಲ, ಈ ಸಲ ಏನೂ ಬೇಕು ಅಂತ ಅನಿಸಿಲ್ಲ. ನಿನ್ನ ಫೋನಿನಲ್ಲಿ ತೊಟ್ಟಿಲಿನ ಫೋಟೋ ತೋರಿಸಿದಿ, ಗೋಡೆಗೆ ಹಳದಿ ಬಣ್ಣ ಹೊಡೆಸಿದ್ದು ತೋರಿಸಿದಿ. ಚಂದ ಉಂಟು. ನಿಜವಾಗಿಯೂ ಚಂದ ಉಂಟು.

ನಿನ್ನ ಮೇಲೆ ನನಗೆ ಹಗೆ ಅಂತ ಮಾತ್ರ ತಿಳಿಯಬೇಡ. ಅಪ್ಪ ಹೋದ ಮೇಲೆ ಅಮ್ಮ ಹಾಸಿಗೆ ಹಿಡಿದಾಗ ನನಗೆ ಎರಡು ಜಡೆ ಹಾಕಿ, ಕೈಗೆ ಬುತ್ತಿ ಕೊಟ್ಟು, ಶಾಲೆಯ ಗೇಟಿನವರೆಗೆ ಬಿಟ್ಟವಳು ನೀನು. ಮಗುವಾಗಲಿ ಅಂತ ಮಂಗಳೂರಿನ ಆಸ್ಪತ್ರೆಗೆ ಹೋಗಿ ಬಂದಾಗಲೆಲ್ಲ ಇಂಜೆಕ್ಷನ್ ಚುಚ್ಚಿ ನಿನ್ನ ಹೊಟ್ಟೆ ನೀಲಿಗಟ್ಟಿರುತ್ತಿತ್ತು, ನಾನೇ ಬಿಸಿನೀರಿನ ಶಾಖ ಕೊಟ್ಟಿದ್ದೇನೆ. ಪ್ರಾಪ್ತಿ ಹುಟ್ಟಿದ ದಿನ ಅವಳನ್ನು ಎತ್ತಿಕೊಂಡು ನೀನು ಕಿಟಕಿಯ ಕಡೆಗೆ ತಿರುಗಿ ನಿಂತಿ. ತುಂಬ ಹೊತ್ತು ಈ ಕಡೆ ತಿರುಗಲೇ ಇಲ್ಲ. ಅತ್ತದ್ದು ನನಗೆ ಕಾಣಬಾರದು ಅಂತ. ನನಗೆ ಬೆನ್ನು ಕಂಡಿತ್ತು ಅಕ್ಕ.

ರಾಫಿಯಾ ನಾಳೆ ತವರಿಗೆ ಮೂಡಬಿದ್ರೆಗೆ ಬರುತ್ತಾಳೆ, ಅವಳ ಕೈಯಲ್ಲಿ ಈ ಕಾಗದ ಕೊಟ್ಟು ಕಳಿಸುತ್ತೇನೆ. ಅವಳಿಗೆ ಚಹಾ ಕೊಡದೆ ಕಳಿಸಬೇಡ, ಸಕ್ಕರೆ ಸ್ವಲ್ಪ ಜಾಸ್ತಿ ಬೇಕು ಅವಳಿಗೆ. ಭಾವನಿಗೆ ನನ್ನ ನಮಸ್ಕಾರ ತಿಳಿಸು, ಬೈಕು ಮೆಲ್ಲ ಓಡಿಸಲಿಕ್ಕೆ ಹೇಳು. ನಿನ್ನ ಕೈಯ ಗಾಯ ಮಾಗಿರಬಹುದು, ಮಾಗದಿದ್ದರೆ ಸೂಜಿ ಹಾಕಿಸಿಕೋ. ನನಗೆ ನಿನ್ನ ಆಶೀರ್ವಾದ ಇರಲಿ. ದೇವರು ನಿನ್ನನ್ನು ನೂರು ವರ್ಷ ಚೆನ್ನಾಗಿ ಇಟ್ಟಿರಲಿ.

ಇಂತಿ ನಿನ್ನ ಪ್ರೀತಿಯ,
ನವ್ಯಾ

ತಾ.ಕ.: ಕಾಗದ ಮಡಚಿ ಇಟ್ಟಿದ್ದೆ. ರಾಫಿಯಾ ಮೀನು ಕ್ಲೀನ್ ಮಾಡುತ್ತಾ, "ವೀಳ್ಯ ಬದಲಿಸುವಾಗ ನೀನು ಎಂತ ಹೇಳಿದಿ?" ಅಂತ ಸುಮ್ಮನೆ ಕೇಳಿದಳು. ಒಳಗೆ ಬಂದು ತುಂಬ ಯೋಚಿಸಿದೆ. ಮಾವ ಅಮ್ಮನನ್ನು ಕೇಳಿದ್ದರು. ಭಾವ ಲತೇಶರನ್ನು ಕೇಳಿದ್ದರು. ನೀನು ಇಲ್ಲಿಗೆ ಬಂದ ದಿನ ಮಂಚದ ಅಡಿಗೆ ಬಗ್ಗಿ ಪ್ರಾಪ್ತಿಯನ್ನು ಕೂಡ ಕೇಳಿದಿ, "ಬಾಲೆಯನ್ನು ದೊಡ್ಡಮ್ಮನಿಗೆ ಕೊಡ್ತೀಯಾ ಪುಟ್ಟಾ?" ಅಂತ. ನನ್ನನ್ನು ಯಾರೂ ಕೇಳಲಿಲ್ಲ. ಉಳಿದವರು ಬಿಡು, ನೀನು ಕೇಳಲಿಲ್ಲ ಅಕ್ಕ. ನನ್ನ ಕೈ ಹಿಡಿದು ಒಂದೇ ಒಂದು ಸಲ "ನವ್ಯಾ, ನನಗೆ ಕೊಡ್ತೀಯಾ?" ಅಂದಿದ್ದರೆ ಕೊಡುತ್ತಿದ್ದೆ. ದೇವರಾಣೆಗೂ ಕೊಡುತ್ತಿದ್ದೆ, ಹಾಲು ಕೊಟ್ಟು ಸಾಕಿ ಕೊಡುತ್ತಿದ್ದೆ. ಅದನ್ನು ನೆನೆದೇ ಇವತ್ತು ಅತ್ತೆ, ಇಷ್ಟು ದಿನದಲ್ಲಿ ಮೊದಲ ಸಲ. ಈಗ ಕೇಳಲು ಬರಬೇಡ. ಈಗ ಕೊಡುವುದಿಲ್ಲ. ನಾಡಿದ್ದು ಲಾಯಿಲಕ್ಕೆ ಹೋಗಿ ಮಾವನಿಗೆ ನಾನೇ ಹೇಳುತ್ತೇನೆ. ಲತೇಶರಿಗೂ ಇನ್ನೂ ಹೇಳಿಲ್ಲ. ಮೊದಲು ಹೇಳುತ್ತಿರುವುದು ನಿನಗೆ. ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ಗೊತ್ತಾಗುವುದು ಹೇಗಿರುತ್ತದೆ ಅಂತ ನನಗೆ ಗೊತ್ತುಂಟು. ನಿನಗೆ ಹಾಗೆ ಆಗಬಾರದು.