ಸಾಲಿನ ಮೊದಲ ಸೆಮಿಕೋಲನ್

12 ಜೂನ್ 2006, ಸೋಮವಾರ

ಅಂಗಡೀಲಿ ಕೆಲಸ ಕಮ್ಮಿ. ಇನ್ನೇನು ಆಷಾಢ ಹತ್ರ ಬಂತಲ್ಲ, ಮದುವೆ ಕಾರ್ಡ್ ಡಿಟಿಪಿಗೆ ಯಾರೂ ಬರ್ತಿಲ್ಲ. ಭಾಗೀರಥಮ್ಮ ಟೀಚರ್‌ದು ಇನ್ನೊಂದು ಹಾಡು ವಿಕಿಗೆ ಹಾಕ್ದೆ — ನಮ್ಮ ಸಂಗೀತ ಬಳಗದೋರೇ ಬರೆದು ತಿದ್ದೋ ವೆಬ್‌ಸೈಟು. ಅವರು ಹಾಡೋದು, ನಾನು ಸ್ವರ ಟೈಪ್ ಮಾಡೋದು. ಮುಂದಿನ ತಿಂಗಳ ಕೊನೆಗೆ ಅವರಿಗೆ ಗಂಟಲಿನ ಆಪರೇಷನ್. ಆಮೇಲೆ ಧ್ವನಿ ಉಳಿಯೋದು ಡೌಟು ಅಂದಿದಾರೆ ಡಾಕ್ಟರು. ಅಷ್ಟರಲ್ಲಿ ಅವರೇ ರಾಗ ಹಾಕಿದ್ದೆಲ್ಲ ಒಂದು ಕಡೆ ಸೇರ್ಲಿ ಅಂತ.

ಕೆಲವು ಸಾಲು ತಾನಾಗೇ ದಪ್ಪ ಅಕ್ಷರ ಆಗಿದೆ. ಯಾಕೋ. ಚೆನ್ನಾಗೇ ಕಾಣ್ತು, ಬಿಟ್ಟೆ.

25 ಜೂನ್, ಭಾನುವಾರ

ಮಲ್ಲೇಶ್ವರದಲ್ಲಿ ರಮ್ಯಾ ಕಚೇರಿ. ಟೀಚರ್ ಹಳೇ ಶಿಷ್ಯೆ, ಈಗ ಮೈಸೂರಲ್ಲಿದಾಳೆ. ವಿಕಿ ನೋಡ್ಕೊಂಡೇ ಟೀಚರ್ ಹಾಡು ಕಲ್ತಿದ್ಲು. ಪಲ್ಲವಿ ಶುರುವಾಯ್ತು... ಟೀಚರ್ ತಾಳ ಹಾಕ್ತಿದ್ದ ಕೈ ನಿಂತೇಹೋಯ್ತು. ಕೆಲವು ಸಾಲಿಗೆ ಮುಂಚೆ ಒಂದು ಬಿಡುವು ಇರ್ಬೇಕು. ರಮ್ಯಾ ಕಾಯದೇ ಓಡ್ತಿದ್ಲು. ಜನ ಚಪ್ಪಾಳೆ ಹೊಡೆದ್ರು.

ಆಟೋದಲ್ಲಿ ಟೀಚರ್ ಕೇಳಿದ್ರು, "ನಾನು ಉಸಿರು ತಗೊಳ್ಳೋ ಜಾಗ ಅದು, ಕುಸುಮಾ. ಬೇಡ ಅನ್ನಿಸ್ತಾ ನಿಂಗೆ?"

"ಇಲ್ಲ ಟೀಚರ್, ನಾನು ಹಾಕಿದೀನಿ!"

ಮುಖ ಆ ಕಡೆ ತಿರುಗಿಸ್ಕೊಂಡ್ರು.

26 ಜೂನ್, ಊಟದ ಹೊತ್ತು

ಪೇಜ್ ತೆಗೆದೆ. ನಿಜ, ಬಿಡುವೇ ಇಲ್ಲ. ಎಡಿಟ್ ಒತ್ತಿದ್ರೆ — ಒಳಗೆ ಎಲ್ಲಾ ಇದೆ! ನಾವು ಸ್ವರ ಬರೆಯೋವಾಗ ಬಿಡುವಿಗೆ ಸೆಮಿಕೋಲನ್ ಹಾಕ್ತೀವಿ. ವಿಕಿಗೆ ಸಾಲಿನ ಮೊದಲು ಅದಿದ್ರೆ ತಲೆಬರಹ ಅಂತ ಅರ್ಥವಂತೆ. ಸಾಲನ್ನ ದಪ್ಪ ಮಾಡಿ, ಸೆಮಿಕೋಲನ್ ನುಂಗ್ಬಿಡತ್ತೆ. ಸೇವ್ ಆದ್ಮೇಲೆ ನಾನು ಹಾಡ್ಕೊಂಡು ನೋಡ್ಲೇ ಇಲ್ಲ.

ಸಹಾಯದ ಪುಟ ಹುಡುಕಿ ಓದ್ದೆ. ಚಿಹ್ನೆಯ ಹಿಂದೆ ಮುಂದೆ 'ನೋವಿಕಿ' ಅನ್ನೋ ಟ್ಯಾಗ್ ಹಾಕ್ಬೇಕು. ಇದಕ್ಕೆ ಅರ್ಥ ಹಚ್ಬೇಡ, ಇದ್ದಂಗೇ ತೋರ್ಸು ಅಂತ. ಹಾಕ್ದೆ. ಸೇವ್. ಬಂತು! ಅಳುನೂ ಬಂತು.

28 ಜೂನ್

ಎಲ್ಲಾ ಹಾಡೂ ಸರಿ ಮಾಡ್ದೆ. ಟೀಚರನ್ನ ಚಾಮರಾಜಪೇಟೆಗೇ, ನಮ್ಮ ಅಂಗಡಿಗೇ ಕರ್ಕೊಂಡು ಬಂದು ತೋರಿಸ್ದೆ. ಪೇಜಿನ ಹಳೇ ರೂಪ ಎಲ್ಲಾ ಇರೋ ಹಿಸ್ಟರಿ ತೆಗೆದು ಅವತ್ತು ಟೈಪ್ ಮಾಡಿದ್ದನ್ನೂ. ಕನ್ನಡಕ ಒರೆಸ್ಕೊಂಡು ನೋಡಿದ್ರು.

"ಸುಮ್ಸುಮ್ನೆ ನಿನ್ನ ಮೇಲೆ ಮುನಿಸ್ಕೊಂಡೆನಲ್ಲೇ."

"ಬಿಡಿ ಟೀಚರ್."

"ಬಿಡೋದೇನು? ರಮ್ಯಂಗೆ ಫೋನ್ ಹಾಕು. ಗಂಟಲು ಇರೋವಾಗ್ಲೇ ಬಂದ್ಬಿಡು ಅನ್ನು."

9 ಜುಲೈ, ಭಾನುವಾರ

ರಮ್ಯಾ ಬಂದಿದ್ಲು. ಬೆಳಿಗ್ಗೆಯೆಲ್ಲ ಪಾಠ. ಟೀಚರ್ ಧ್ವನಿ ಒಡೀತಿತ್ತು, ಬಿಡ್ಲಿಲ್ಲ. ರಮ್ಯಾ ಅವರ ಕಾಲು ಹಿಡ್ಕೊಂಡು ಅತ್ಲು. "ಅಳೋದು ಆಮೇಲೆ, ಚರಣ ಇನ್ನೊಂದ್ಸಲ ಹಾಡು" ಅಂತ ಗದರಿದ್ರು.

2 ಆಗಸ್ಟ್

ಆಪರೇಷನ್ ಆಯ್ತು. ಜೀವಕ್ಕೆ ತೊಂದ್ರೆ ಇಲ್ಲ. ಧ್ವನಿ ಇಲ್ಲ.

13 ಆಗಸ್ಟ್, ಭಾನುವಾರ, ಟೀಚರ್ ಮನೆ

ನೋಡಕ್ಕೆ ಬಂದೆ. ಏನು ಮಾತಾಡ್ಲಿ ಅಂತ ಹೆದರ್ಕೊಂಡೇ ಬಂದಿದ್ದು. ಕಾಫಿ ಕೊಟ್ರು. ಆಮೇಲೆ ವೀಣೆ ಮುಂದಿಟ್ಕೊಂಡು ಕೂತ್ರು. ಏನೋ ನುಡಿಸಿದ್ರು — ನಾನು ಕೇಳೇ ಇಲ್ಲ ಇದನ್ನ. ಹೊಸದಾ ಅಂದೆ. ಹೌದು ಅನ್ನೋ ಹಾಗೆ ತಲೆ ಆಡಿಸಿ, ಬರ್ಕೋ ಅಂತ ಕೈಸನ್ನೆ. ನನ್ ಹತ್ರ ಇದ್ದಿದ್ದು ಈ ಡೈರಿ ಒಂದೇ. ಮತ್ತೆ ನುಡಿಸ್ತಿದಾರೆ... ಪ , ಮ ಗ — ತಡೀರಿ ಟೀಚರ್, ಆಮೇಲೆ ರಿ ನಾ, ಇಲ್ಲಾ ಬಿಡುವಾ?