ಹೆಗಲ ಮೇಲಿನ ಕೈ

ಅಮ್ಮಾ,

ಇವತ್ತು ಬಂಗಾರಪೇಟೆಯ ಕಾಲೇಜಿನಲ್ಲಿ ನಮ್ಮ ಕ್ಲಾಸ್‌ರೂಮಿನಲ್ಲೇ ಫೋಟೊ ತೆಗೆಯುವ ಪಾಠ. ಬಟನ್ ಒತ್ತುವ ಮುಂಚೆ ನಾಲ್ಕೂ ಅಂಚು ನೋಡಬೇಕು, ಬೇಡದ್ದನ್ನು ಹೊರಗಿಡಬೇಕು ಎಂದರು ಮುನಿರಾಜ್ ಸರ್. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತಿದ್ದ ಗೆಳತಿ ಸೆಲ್ವಿಯ ಫೋಟೊ ತೆಗೆದೆ. ಬೆಳಕು ಅವಳ ಒಂದೇ ಕೆನ್ನೆಗೆ ಬಿದ್ದಿತ್ತು. ಚೆನ್ನಾಗಿದೆಯೆಂದು ಯಾರೂ ಹೇಳುವ ಮೊದಲೇ ನನಗೆ ಗೊತ್ತಿತ್ತು.

ಸರ್ ಮಾತ್ರ ಫೋಟೊದಲ್ಲಿ ಅವಳ ಹೆಗಲ ಕಡೆ ಬೆರಳು ತೋರಿಸಿದರು. "ಇದ್ಯಾರ ಕೈಯಮ್ಮ? ಮುಖ ಇಲ್ದೆ ಬರೀ ಕೈ ಬಂದೈತೆ. ಕಟ್ ಮಾಡ್ಬುಡು."

"ಪಕ್ಕದವ್ಳ ಕೈ. ಕಟ್ ಮಾಡಲ್ಲ ಸಾರ್. ಆ ಕೈ ಇರೋದಕ್ಕೇ ಅವ್ಳು ಅಂಗೆ ನಗ್ತಾವ್ಳೆ."

ಅವರು ಮತ್ತೊಮ್ಮೆ ನೋಡಿ, "ಇರ್ಲಿ ಬುಡು" ಎಂದರು.

ನಿನ್ನದೊಂದೂ ಒಂಟಿ ಫೋಟೊ ಇರಲಿಲ್ಲವಲ್ಲ. ತಿಥಿಗೆ ಪಟ ಬೇಕೆಂದು, ಚಿಕ್ಕಮ್ಮನ ಮದುವೆಯ ಗುಂಪು ಫೋಟೊದಿಂದ ನಿನ್ನನ್ನು ಬಿಡಿಸಿ ತೆಗೆಸಿದೆವು. ನಿನ್ನ ಹೆಗಲ ಮೇಲಿದ್ದ ಕೈಯನ್ನು ನಮ್ಮೂರು ಚಾಂಪಿಯನ್ ರೀಫ್ಸಿನ ಸ್ಟುಡಿಯೋದವನು ಅಳಿಸಿ, ಅಲ್ಲಿ ಸೀರೆಯ ಬಣ್ಣ ತುಂಬಿದ. ಅಚ್ಚುಕಟ್ಟಾದ ಕೆಲಸ, ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಪಟದಲ್ಲಿ ನೀನು ನಗುತ್ತಲೇ ಇದ್ದೀಯ.

ಹಾರ ಬದಲಿಸುವಾಗಲೆಲ್ಲ ಆ ಹೆಗಲ ಮೇಲೆ ಬೆರಳಿಡುತ್ತೇನೆ. ಅಲ್ಲಿದ್ದದ್ದು ನನ್ನ ಕೈ.

ಸುಮ