ಎಡಕ್ಕೆ ಸುತ್ತಿದ ಎಸಳು

ಅಕ್ಕಾ,

ಇವತ್ತು ನಮ್ಮ ಚಿತ್ರಕಲಾ ಸಂಘಕ್ಕೆ ದರ್ಜಿಯ ಹೆಂಡತಿ ಮರದ ತಟ್ಟೆಯೊಂದನ್ನು ತಂದು, ತಾನೇ ಗುಲಾಬಿ ಬಿಡಿಸಿದ್ದು ಎಂದಳು. ನೋಡಿದ ಕೂಡಲೇ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಎಸಳುಗಳೆಲ್ಲ ಎಡಕ್ಕೆ ಸುತ್ತಿಕೊಂಡಿದ್ದವು. ಎಡಗೈಯಲ್ಲಿ ಬಿಡಿಸುತ್ತಿದ್ದ ನಿನ್ನ ಹೂ ಮಾತ್ರ ಹಾಗಿರುತ್ತಿತ್ತು. ನೀನು ಕಣ್ಣುಮುಚ್ಚಿದ ಮೇಲೆ ನಿನ್ನ ಕಪಾಟಿಗೆ ಕೈ ಹಾಕಿದ್ದಾಳೆ ಎಂದುಕೊಂಡೆ.

"ನಮ್ಮೆದುರಿಗೇ ಒಂದು ಬಿಡಿಸಿ, ನೋಡೋಣ," ಎಂದೆ. ಎಲ್ಲರ ಕುಂಚವೂ ನಿಂತಿತು.

ಅವಳು ಬಲಗೈಯಲ್ಲೇ ಬಿಡಿಸಿದಳು. ಎಸಳು ಎಡಕ್ಕೇ ತಿರುಗಿತು.

"ಯಾರು ಕಲಿಸಿದ್ದು?"

"ನಿಮ್ಮಕ್ಕ. ಮನೆಗೇ ಬಂದು ಕಲಿಸೋರು. ಮೊದಲು ತಂಗಿಗೇ ಕಲಿಸೋ ಆಸೆ ಇತ್ತಂತೆ. ನೀವು ಕೇಳ್ಲೇ ಇಲ್ಲ ಅಂತಿದ್ರು."

ಅದೂ ಸುಳ್ಳಿರಬಹುದೆಂದು ಅನುಮಾನಿಸಲು ನೋಡಿದೆ. ಆಗಲಿಲ್ಲ, ಅಕ್ಕ. ಕುಂಚ ತೊಳೆಯುವ ನೆಪದಲ್ಲಿ ಎದ್ದು ಹೋಗಿ, ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ನಿಂತೆ.